‘ಪಾರ್ಟ್ಸ್ ಸಿಗಲ್ಲ ಸಾರ್’ ಅಂದ ತಕ್ಷಣ ನಂಬಬೇಡಿ

1/7
“ಈ ಮಾಡೆಲ್ ನಿಂತೋಗಿದೆ ಸಾರ್. ಪಾರ್ಟ್ಸ್ ಸಿಗಲ್ಲ. ಶೋಕೇಸ್‌ನಲ್ಲಿ ಇಟ್ಕೊಳ್ಳಿ.”

ಹಳೇ ಏರೋಮಾಡೆಲ್ ಎಂಜಿನ್ ಇಟ್ಟುಕೊಂಡವರು ಈ ಮಾತು ಕೇಳೇ ಇರ್ತೀರಿ. ನನಗೆ ಹೇಳಿದ್ದು ಒಂದು ಹಾಬಿ ಅಂಗಡಿಯವರು. ಕೈಲಿದ್ದದ್ದು ಜಪಾನಿನ ಓಎಸ್ 46 ಎಫ್‌ಎಕ್ಸ್, ಸುಮಾರು 7.5 ಸಿಸಿ ಗ್ಲೋ ಎಂಜಿನ್. ಪ್ರೊಪೆಲ್ಲರ್ ತಿರುಗಿಸಿದರೆ ಒಳಗೆ ಮರಳು ಅರೆದ ಹಾಗೆ ಸದ್ದು. ಬೇರಿಂಗ್ ತುಕ್ಕು. ತಪ್ಪು ನನ್ನದೇ. ಇಂಧನದಲ್ಲಿರೋ ಮೆಥನಾಲ್ ಗಾಳಿಯ ತೇವ ಹೀರುತ್ತೆ. ಹಾರಿಸಿದ ಮೇಲೆ ಉಳಿದ ಇಂಧನ ಸುಟ್ಟು ಖಾಲಿ ಮಾಡಿ, ನಾಲ್ಕು ಹನಿ ಎಣ್ಣೆ ಬಿಡಬೇಕಿತ್ತು. ಬಿಡಲಿಲ್ಲ.

2/7
ಆದರೆ ‘ಸಿಗಲ್ಲ’ ಅನ್ನೋದು ನಿಜಾನಾ? ಕ್ರ್ಯಾಂಕ್‌ಕೇಸ್ ಬಿಸಿ ಮಾಡಿ ಮರದ ಹಲಗೆ ಮೇಲೆ ತಟ್ಟಿದೆ, ಹಿಂದಿನ ಬೇರಿಂಗ್ ಆಚೆ ಬಂತು. ಅಳೆದೆ: ಒಳವ್ಯಾಸ 15, ಹೊರವ್ಯಾಸ 28, ದಪ್ಪ 7 ಮಿ.ಮೀ. ಬೇರಿಂಗ್ ಅಂಗಡಿಯ ಭಾಷೆಯಲ್ಲಿ ಅದು 6902. ಮುಂದಿನದು 7, 19, 6. ಅಂದ್ರೆ 607. ಎರಡೂ ಜಗತ್ತಿನಾದ್ಯಂತ ಇರೋ ಸ್ಟ್ಯಾಂಡರ್ಡ್ ಅಳತೆ. ಹೊಸದು ಕೊಳ್ಳುವಾಗ ಸಿ3 ಕ್ಲಿಯರೆನ್ಸ್ ಇರೋದನ್ನೇ ಕೇಳಿ.

ಅಂಗಡಿಗೆ ಹೋಗಿ “ಓಎಸ್ ಎಂಜಿನ್ ಬೇರಿಂಗ್ ಕೊಡಿ” ಅಂದರೆ ಇಲ್ಲ ಅಂತಾರೆ. “6902 ಕೊಡಿ” ಅಂದರೆ “ಎಷ್ಟು ಬೇಕು?” ಅಂತಾರೆ. ನಿಂತುಹೋದದ್ದು ಡಬ್ಬದ ಮೇಲಿನ ಹೆಸರು, ಅಷ್ಟೇ.

3/7
ಗ್ಲೋ ಪ್ಲಗ್ ನೋಡಿ. ಬಹುತೇಕ ಎಲ್ಲ ಕಂಪನಿಯ ಎಂಜಿನ್‌ಗೂ ಒಂದೇ ಥ್ರೆಡ್: ಕಾಲು ಇಂಚು ವ್ಯಾಸ, ಇಂಚಿಗೆ 32. ಎಷ್ಟೋ ಎಂಜಿನ್‌ಗಳು ನಿಂತವು, ಕಂಪನಿಗಳೂ ಮುಚ್ಚಿದವು. ಪ್ಲಗ್ ಮಾತ್ರ ಇವತ್ತಿಗೂ ಸಿಗುತ್ತೆ. ಯಾಕೆ? ಅದರ ಅಳತೆ ಯಾರ ಮನೆಯ ಗುಟ್ಟೂ ಅಲ್ಲ.

ಹಿಂದಿನ ಮುಚ್ಚಳದ ಗ್ಯಾಸ್ಕೆಟ್? ಗ್ಯಾಸ್ಕೆಟ್ ಪೇಪರ್ ತಂದು ಬ್ಲೇಡಿನಲ್ಲಿ ಕತ್ತರಿಸಿ. ಕಾರ್ಬ್ಯುರೇಟರ್ ಓ-ರಿಂಗ್? ಅಳೆದು ತನ್ನಿ.

4/7
ಸರಿ, ಅಂಗಡಿಯಲ್ಲಿ ಸಿಗದ ಪಾರ್ಟ್? ಪ್ರೊಪೆಲ್ಲರ್ ಹಿಡಿಯೋ ಡ್ರೈವ್ ವಾಷರ್ ಸವೆದಿದ್ದರೆ?

ಸ್ವಾಮಿ, ನೀವಿರೋದು ಎಲ್ಲಿ? ಬಸವೇಶ್ವರನಗರದಿಂದ ಇಳಿದರೆ ಕಾಮಾಕ್ಷಿಪಾಳ್ಯ. ಇತ್ತ ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್, ಅತ್ತ ಪೀಣ್ಯ, ಕೆಂಗೇರಿ ದಾಟಿದರೆ ಕುಂಬಳಗೋಡು. ಗಲ್ಲಿ ಗಲ್ಲಿಯಲ್ಲಿ ಲೇತ್. ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡೋ ಊರಲ್ಲಿ ಕೂತು ಬೆರಳುದ್ದದ ಅಲ್ಯೂಮಿನಿಯಂ ತುಂಡಿಗೆ ವಿದೇಶಿ ವೆಬ್‌ಸೈಟ್ ಕೆದಕ್ತಾ ಇದ್ದೀವಿ!

ಟರ್ನರ್ ಕೇಳೋದು ಒಂದೇ ಪ್ರಶ್ನೆ: “ಡ್ರಾಯಿಂಗ್ ಇದೆಯಾ? ಇಲ್ಲಾಂದ್ರೆ ಸ್ಯಾಂಪಲ್ ಕೊಡಿ.” ನಮ್ಮ ಹತ್ತಿರ ಎರಡೂ ಇರಲ್ಲ. ಸವೆದದ್ದನ್ನ ಗುಜರಿಗೆ ಹಾಕಿ ಆಗಿರುತ್ತೆ. ನಮಗಿರೋ ಕೊರತೆ ಪಾರ್ಟಿನದ್ದಲ್ಲ, ಅಳತೆಯದ್ದು.

5/7
ಎಲ್ಲವೂ ಗಲ್ಲಿ ಲೇತ್‌ನಲ್ಲಿ ಆಗುತ್ತೆ ಅಂತ ಸುಳ್ಳು ಹೇಳಲ್ಲ. ಈ ಎಂಜಿನ್‌ನ ಪಿಸ್ಟನ್‌ಗೆ ರಿಂಗ್ ಇಲ್ಲ. ಲೈನರ್ ಮೇಲ್ತುದಿಗೆ ಬರ್ತಾ ಕೂದಲೆಳೆಯಷ್ಟೂ ಅಲ್ಲದ ಲೆಕ್ಕದಲ್ಲಿ ಕಿರಿದಾಗುತ್ತೆ; ಬಿಸಿಯಾದಾಗ ಹಿಗ್ಗಿ ಸರಿಯಾಗಿ ಕೂರುತ್ತೆ. ಒಳಗೆ ಲೋಹದ ಲೇಪ ಬೇರೆ. ಆ ಜೋಡಿ ಮಾಡೋದು ಕಷ್ಟದ ಕೆಲಸ, ಒಂದೇ ಒಂದು ಮಾಡಿಸಿದರೆ ಗಿಟ್ಟಲ್ಲ.

ಅದಕ್ಕೇ ಕೇಳ್ತಿದ್ದೀನಿ: ಯಾವ ಕಂಪನಿಯೇ ಆಗಲಿ, ಮಾಡೆಲ್ ನಿಲ್ಲಿಸೋ ದಿನ ಡ್ರಾಯಿಂಗ್ ಬಿಡುಗಡೆ ಮಾಡಲಿ. ತಾನೇ ಮಾರದ ವಸ್ತುವಿನ ಅಳತೆ ಬಚ್ಚಿಟ್ಟು ಯಾರಿಗೇನು ಲಾಭ? 2022ರ ಡಿಸೆಂಬರ್ 24ರಂದು ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಆಯ್ದುಕೊಂಡ ಕ್ಷೇತ್ರ ನಾಲ್ಕು: ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ. ಒಳ್ಳೇದೇ. ಆದರೆ ಹುಡುಗರು ಎಂಜಿನ್ ಅಂದ್ರೇನು ಅಂತ ಕೈಯಾರೆ ಕಲಿಯೋ ಈ ಪುಟ್ಟ ಯಂತ್ರಕ್ಕೆ ಆ ಪಟ್ಟಿಯಲ್ಲಿ ಜಾಗ ಇಲ್ಲ.

6/7
ಕಂಪನಿಗೆ ಬೈದದ್ದಾಯ್ತು, ಈಗ ನಮ್ಮ ಸರದಿ. ನಮ್ಮಲ್ಲೇ ಕೆಲವರು ಹಳೇ ಎಂಜಿನ್ ಐದಾರು ಕೊಂಡು ಬೀರುವಿನಲ್ಲಿ ಬೀಗ ಹಾಕಿಡ್ತೀವಿ. ಯಾರಾದರೂ ಅಳತೆ ಕೇಳಿದರೆ “ನೋಡ್ತೀನಿ” ಅಂತೀವಿ, ನೋಡಲ್ಲ. ಇನ್ನು ಕೆಲವರು “ಎಲೆಕ್ಟ್ರಿಕ್ ಹಾಕ್ಕೊಳ್ಳಿ ಗುರು” ಅಂತ ಮುಗಿಸ್ತಾರೆ. ಹಾಕ್ಕೊಳ್ಳಿ, ತಕರಾರಿಲ್ಲ. ಆ ಮೋಟರ್ ಮಾಡೆಲ್ ನಿಂತ ದಿನ ನಿಮಗೂ ಇದೇ ಡೈಲಾಗ್ ಕಾದಿದೆ.

7/7
ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಎಂಜಿನ್ ಬಿಚ್ಚಿ, ವರ್ನಿಯರ್ ಹಿಡಿದು ಅಳೀರಿ. ಸವೆದ ಮೇಲೆ ಅಳೆದರೆ ಸವೆದ ಅಳತೆಯೇ ಸಿಗೋದು, ಅದಕ್ಕೇ ಚೆನ್ನಾಗಿರುವಾಗಲೇ ಅಳೀರಿ. ಹಾಳೆಯಲ್ಲಿ ಬರೆದು ಫೋಟೊ ಹಾಕಿ. ಒಂದೇ ಒಂದು ಪಾರ್ಟನ್ನ ಸ್ಯಾಂಪಲ್ ನೋಡಿ ಮಾಡಿಕೊಡೋ ಹಿರಿಯ ಟರ್ನರ್‌ಗಳು ಒಬ್ಬೊಬ್ಬರಾಗಿ ಲೇತ್ ಮಾರಿ ಮನೆಗೆ ಹೋಗ್ತಿದ್ದಾರೆ. ಅವರಿರುವಾಗಲೇ ಹೋಗಿ ಕೇಳಿ.

ನನ್ನ ಎಂಜಿನ್ ಈಗ ಸದ್ದಿಲ್ಲದೆ ತಿರುಗ್ತಿದೆ. ಅದರ ಅಳತೆ ಮೇಲೆ ಬರೆದಿದ್ದೀನಿ. ನಿಮ್ಮದನ್ನ ಕೆಳಗೆ ಕಾಮೆಂಟ್‌ನಲ್ಲಿ ಬರೀರಿ.

#ರಿಪೇರಿಹಕ್ಕು #ಏರೋಮಾಡೆಲಿಂಗ್ #ಕಾಮಾಕ್ಷಿಪಾಳ್ಯ #ಬೆಂಗಳೂರು