ಹನ್ನೆರಡು ಪದ ಕೇಳುವ ‘ಆ್ಯಕ್ಸಿಲರೇಟರ್’

ಡೊಂಬಿವಲಿ ಸ್ಟೇಷನ್ ಹೊರಗೆ ವಡಾಪಾವ್‌ಗೆ ಯುಪಿಐ ಮಾಡಿದರೆ, ಪಾವ್ ಕೈಗೆ ಬರುವ ಮೊದಲೇ ದುಡ್ಡು ಮುಟ್ಟಿರುತ್ತದೆ. ಈ ಅಭ್ಯಾಸವೇ ಬಿಟ್‌ಕಾಯಿನ್ ವಿಷಯದಲ್ಲಿ ನಮ್ಮನ್ನು ಎಡವಿಸುತ್ತಿದೆ.

ನಮ್ಮ ಕಟ್ಟಡದ ಹುಡುಗನೊಬ್ಬ, ಉಡುಪಿ ಕಡೆಯವನು, ವಿದೇಶದ ಗಿರಾಕಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದ. ದುಡ್ಡು ಬಿಟ್‌ಕಾಯಿನ್‌ನಲ್ಲಿ. ಎರಡು ದಿನವಾದರೂ ‘ಪೆಂಡಿಂಗ್’. ಟೆಲಿಗ್ರಾಮ್‌ನಲ್ಲಿ ಯಾರೋ ಕಳಿಸಿದ ‘ಆ್ಯಕ್ಸಿಲರೇಟರ್’ ಆ್ಯಪ್ ಹಾಕಿಕೊಂಡ. ಅದು ವಾಲೆಟ್‌ನ ಹನ್ನೆರಡು ಪದಗಳ ಸೀಡ್ ಫ್ರೇಸ್ ಕೇಳಿತು, ಕೊಟ್ಟ. ನನ್ನ ಮನೆ ಬೆಲ್ ಒತ್ತುವಷ್ಟರಲ್ಲಿ ವರ್ಷದಿಂದ ಕೂಡಿಟ್ಟದ್ದು ಖಾಲಿ.

ಬಿಟ್‌ಕಾಯಿನ್‌ನಲ್ಲಿ ಸರಾಸರಿ 10 ನಿಮಿಷಕ್ಕೊಂದು ಬ್ಲಾಕ್. ಅದನ್ನು ಬೆಳಗಿನ ಎಂಟರ ಲೋಕಲ್ ಅಂದುಕೊಳ್ಳಿ, ಆದರೆ ಸೀಟು ಹರಾಜಿನಲ್ಲಿ. ಹೆಚ್ಚು ಶುಲ್ಕ ಕೊಟ್ಟವರನ್ನು ಮೈನರ್‌ಗಳು ಮೊದಲು ಹತ್ತಿಸಿಕೊಳ್ಳುತ್ತಾರೆ. ಉಳಿದವರು ‘ಮೆಂಪೂಲ್’ ಎಂಬ ಪ್ಲಾಟ್‌ಫಾರ್ಮಿನಲ್ಲೇ. 2024ರ ಏಪ್ರಿಲ್ 20ರಂದು, ಹಾಲ್ವಿಂಗ್ ಆದ ದಿನ, ಸರಾಸರಿ ಶುಲ್ಕ 100 ಡಾಲರ್ ದಾಟಿತ್ತು. ಈ ಸಾಲನ್ನು ಫೋನಿನೊಳಗಿನ ಯಾವ ಆ್ಯಪ್ಪೂ ಮುರಿಯಲಾರದು.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಕಳಿಸಿದವರು ಅದೇ ವ್ಯವಹಾರವನ್ನು ಹೆಚ್ಚಿನ ಶುಲ್ಕದೊಂದಿಗೆ ಮತ್ತೆ ಕಳಿಸಬಹುದು. ಪಡೆಯುವವರು ಬರಬೇಕಾದ ಹಣವನ್ನೇ ದೊಡ್ಡ ಶುಲ್ಕ ಇಟ್ಟು ಮುಂದಕ್ಕೆ ದಾಟಿಸಬಹುದು. ಆ ಶುಲ್ಕದ ಆಸೆಗೆ ಮೈನರ್ ಎರಡನ್ನೂ ಸೇರಿಸುತ್ತಾನೆ. ಕೆಲವು ಮೈನಿಂಗ್ ಪೂಲ್‌ಗಳು ನಿಜವಾಗಿಯೂ ಆ್ಯಕ್ಸಿಲರೇಟರ್ ಸೇವೆ ಕೊಡುತ್ತವೆ. ಅವಕ್ಕೆ ಬೇಕಾದ್ದು ಎಲ್ಲರಿಗೂ ಕಾಣುವ ಟ್ರಾನ್ಸಾಕ್ಷನ್ ಐಡಿ, ಜೊತೆಗೆ ಶುಲ್ಕ. ಸೀಡ್ ಫ್ರೇಸ್ ಕೇಳಿದವನು ಕಳ್ಳ, ಅದರಲ್ಲಿ ಅನುಮಾನ ಬೇಡ. ಎಕ್ಸ್‌ಚೇಂಜ್‌ನಲ್ಲೇ ತಡವಾಗಿದ್ದರೆ ಐಡಿಯೇ ಹುಟ್ಟಿರುವುದಿಲ್ಲ, ವೇಗ ಹೆಚ್ಚಿಸಲು ಏನೂ ಇರುವುದಿಲ್ಲ. ಇನ್ನು ಕೆಲವು ಆ್ಯಪ್‌ಗಳು ಏನನ್ನೂ ಕೇಳದೆ, ನೀವು ಕಾಪಿ ಮಾಡಿದ ವಿಳಾಸವನ್ನು ಪೇಸ್ಟ್ ಮಾಡುವಾಗ ಬದಲಿಸಿಬಿಡುತ್ತವೆ.

ಹುಡುಗನಿಗೆ ಬರಬೇಕಿದ್ದ ದುಡ್ಡು ಇನ್ನೂ ಪ್ಲಾಟ್‌ಫಾರ್ಮಿನಲ್ಲೇ ಇತ್ತು. ಬಂದಿಳಿದ ಕೂಡಲೇ ಅದೂ ಕಳ್ಳನ ಪಾಲು. ನನ್ನ ಲ್ಯಾಪ್‌ಟಾಪಿನಲ್ಲಿ ಹೊಸ ವಾಲೆಟ್ ತೆರೆದು, ಕೈ ನಡುಗುತ್ತಲೇ, ದೊಡ್ಡ ಶುಲ್ಕ ಕೊಟ್ಟು ಅಲ್ಲಿಗೆ ದಾಟಿಸಿದೆವು. ಕಳ್ಳ ಇನ್ನೂ ಹೆಚ್ಚು ಕೊಟ್ಟಿದ್ದರೆ ಸೋಲುತ್ತಿದ್ದೆವು. ಅರ್ಧ ಗಂಟೆಯಲ್ಲಿ ಬಂತು. ಹಳೆಯದು ಹೋದದ್ದು ಹೋದದ್ದೇ.

ನನ್ನ ಸಿಟ್ಟು ಇನ್ನೊಂದಿದೆ. 2022ರ ಏಪ್ರಿಲ್‌ನಿಂದ ಸರ್ಕಾರ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಜುಲೈಯಿಂದ ಶೇ 1 ಟಿಡಿಎಸ್ ಹಿಡಿಯುತ್ತಿದೆ. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲೂ ಬಿಡುವುದಿಲ್ಲ. ಇಷ್ಟು ಚುರುಕಾಗಿ ವಸೂಲಿ ಮಾಡುವವರು, ಈ ಬಲೆಗಳ ಬಗ್ಗೆ ಜನರ ಭಾಷೆಯಲ್ಲಿ ಅಷ್ಟೇ ಚುರುಕಾಗಿ ಹೇಳಬಾರದೇ?

“ಅಣ್ಣಾ, ಆ್ಯಪ್ ಡಿಲೀಟ್ ಮಾಡಿದ್ರೆ ಸಾಕಾ?” ಎಂದ ಹುಡುಗ. ಸಾಲದು, ಫೋನನ್ನೇ ರೀಸೆಟ್ ಮಾಡಬೇಕು ಎಂದೆ. ಆದರೆ ಅದಕ್ಕೂ ಮೊದಲು ಟೆಲಿಗ್ರಾಮ್ ಚಾಟ್, ಕಳ್ಳನ ವಿಳಾಸ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟು, 1930ಕ್ಕೆ ಫೋನ್ ಹಚ್ಚಿದೆವು.