ಅಪಶಕುನವೂ ಆರೋಗ್ಯಶಾಸ್ತ್ರವೂ

ಬಾವಲಿಯನ್ನು ಅಪಶಕುನವೆಂದ ನಮ್ಮ ಪೂರ್ವಿಕರು ರೋಗಭಯವನ್ನು ಮುಂಗಂಡೇ ಹಾಗೆಂದರೆಂದೂ, ಆದುದರಿಂದ ಊರೊಳಗಿನ ಬಾವಲಿಮರಗಳನ್ನು ಕಡಿಸಿಬಿಡುವುದೇ ಕ್ಷೇಮವೆಂದೂ ಕಳೆದ ಸಂಚಿಕೆಯ ಲೇಖಕರು ಮಾಡಿರುವ ಪ್ರತಿಪಾದನೆಯನ್ನು ನಾನು ಸರ್ವಥಾ ಒಪ್ಪಲಾರೆ. ಮನೆಯೊಳಕ್ಕೆ ಬಾವಲಿ ಹೊಕ್ಕರೆ ಕೇಡೆಂದು ನಂಬಿದ ಜನಪದವೇ, ತಮಿಳುನಾಡಿನ ಕೆಲವು ಗ್ರಾಮಗಳಲ್ಲಿ, ಮರದ ಬಾವಲಿಗಳು ಬೆದರಬಾರದೆಂದು ದೀಪಾವಳಿಯಂದು ಪಟಾಕಿಯನ್ನೇ ಸುಡದೆ ನಡೆದುಕೊಂಡು ಬಂದಿದೆ. ಇಂತಹುದರಲ್ಲಿ ತಮಗೆ ಬೇಕಾದ ಒಂದೇ ಸಾಕ್ಷ್ಯವನ್ನು ಆರಿಸಿಕೊಂಡು ಅದನ್ನು ವಿಜ್ಞಾನವೆಂದು ಕರೆಯುವುದು ನ್ಯಾಯವಲ್ಲ.

ನಿಪಾ ರೋಗದ ಭಯ ನಿಜವಾದುದೇ. 2018ರಲ್ಲಿ ಕಲ್ಲಿಕೋಟೆಯ ಸೀಮೆಯನ್ನು ನಡುಗಿಸಿದ ಆ ವೈರಾಣುವಿನ ಸಹಜ ನೆಲೆ ಹಣ್ಣುಬಾವಲಿಯೇ ಎಂಬುದರಲ್ಲಿ ವಿವಾದವಿಲ್ಲ. ಆದರೆ ಅಂದು ರೋಗ ಹಬ್ಬಿದುದು ಬಹುಮಟ್ಟಿಗೆ ಆಸ್ಪತ್ರೆಗಳಲ್ಲಿ, ಶುಶ್ರೂಷೆಗೆ ನಿಂತವರ ನಡುವೆ, ಮನುಷ್ಯನಿಂದ ಮನುಷ್ಯನಿಗೆ. ಬಾಂಗ್ಲಾದೇಶದಲ್ಲಾದರೋ, ರಾತ್ರಿಯಿಡೀ ಈಚಲಮರಕ್ಕೆ ಕಟ್ಟಿದ ತೆರೆದ ಮಡಕೆಗೆ ಬಾವಲಿಗಳು ಬಾಯಿಟ್ಟು, ಮೂತ್ರ ಬೆರಸಿ ಹೋದ ರಸವನ್ನು ಮುಂಜಾನೆ ಕಾಯಿಸದೆ ಕುಡಿದವರಿಗೆ ಅದು ತಗುಲಿತು. ರಸ ಒಸರುವ ಕೆತ್ತಿಗೂ ಮಡಕೆಯ ಬಾಯಿಗೂ ಬಿದಿರಿನ ತಡಿಕೆ ಕಟ್ಟುವುದು, ಕಚ್ಚಿದ ಹಣ್ಣನ್ನು ಮುಟ್ಟದಿರುವುದು, ರೋಗಿಯನ್ನು ಪ್ರತ್ಯೇಕವಾಗಿರಿಸುವುದು: ರಕ್ಷೆಯಿರುವುದು ಇವುಗಳಲ್ಲಿ. ಮರವನ್ನುರುಳಿಸಿದರೆ ನೆಲೆಗೆಟ್ಟ ಪ್ರಾಣಿಗಳು ಚದರಿ ಮತ್ತಷ್ಟು ಮನೆಗಳ ಹಿತ್ತಿಲನ್ನೇ ಸೇರುವುವು.

ಎಲ್ಲ ಬಾವಲಿಗಳನ್ನೂ ಒಂದೇ ಶಾಪಕ್ಕೆ ಗುರಿಮಾಡಿದ ಲೇಖಕರು ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯನ್ನು ನೆನೆಯಬೇಕಿತ್ತು. ಕೀಟಗಳನ್ನು ತಿಂದು ಬದುಕುವ, ಎಲೆಮೂಗಿನ ಒಂದು ಪುಟ್ಟ ಬಾವಲಿಜಾತಿ ಇಡೀ ಜಗತ್ತಿನಲ್ಲಿ ಉಳಿದಿರುವುದಾಗಿ ತಿಳಿದಿರುವುದು ಅದೊಂದೇ ಎಡೆಯಲ್ಲಿ. ಅದಕ್ಕೆ ಅಳಿವಿನ ಭಯ ತಂದೊಡ್ಡಿದುದು ಅಲ್ಲಿಯ ಬಂಡೆಗಳನ್ನು ಒಡೆದ ಕಲ್ಲುಗಣಿಗಾರಿಕೆ.