ವೇದಿಕೆಯ ವಾದ್ಯಗಳಿಗೆ ವಿದ್ಯುತ್ ಕಾವಲು

ಶಾಲಾ ವಾರ್ಷಿಕೋತ್ಸವವಿರಲಿ, ಗಣೇಶೋತ್ಸವದ ಆರ್ಕೆಸ್ಟ್ರಾ ಇರಲಿ, ವೇದಿಕೆಯ ಮೇಲೆ ಕೀಬೋರ್ಡ್, ಮಿಕ್ಸರ್, ಆಂಪ್ಲಿಫೈಯರ್‌ಗಳು ಇದ್ದೇ ಇರುತ್ತವೆ. ಸಾವಿರಾರು ರೂಪಾಯಿ ಬೆಲೆಯ ಈ ಸಾಧನಗಳ ರಕ್ಷಣೆಗೆ ‘ಪವರ್ ಕಂಡಿಷನರ್’ ಎಂಬ ಪೆಟ್ಟಿಗೆಯನ್ನು ಬಳಸುವುದುಂಟು. ಅದೊಂದಿದ್ದರೆ ಸಾಕೇ? ಸಾಲದು. ಏಕೆಂದು ನೋಡೋಣ.

ಸಾಮಾನ್ಯ ಕಂಡಿಷನರ್ ಮಾಡುವುದು ಎರಡು ಕೆಲಸ. ಡಿಮ್ಮರ್, ಮೋಟಾರುಗಳಿಂದ ತಂತಿಗೆ ಸೇರುವ ಗದ್ದಲವನ್ನು ಸುರುಳಿ ಮತ್ತು ಕೆಪಾಸಿಟರುಗಳ ಮೂಲಕ ಸೋಸುತ್ತದೆ. ವೋಲ್ಟೇಜ್ ಕ್ಷಣಮಾತ್ರ ಜಿಗಿದರೆ, ಅದರೊಳಗಿನ ವೇರಿಸ್ಟರ್ ಎಂಬ ಬಿಲ್ಲೆಯ ರೋಧ ಥಟ್ಟನೆ ಕುಸಿದು, ಹೊಡೆತವನ್ನು ತನ್ನ ಮೂಲಕ ಹಾಯಿಸಿಕೊಳ್ಳುತ್ತದೆ. ಆದರೆ ಹೆಚ್ಚಿನ ವೋಲ್ಟೇಜ್ ಹಾಗೆಯೇ ನಿಂತರೆ ಬಿಲ್ಲೆಯೇ ಕಾದು ಸುಟ್ಟುಹೋಗುತ್ತದೆ.

ಹಾಗೆ ನಿಲ್ಲುವುದು ಯಾವಾಗ? ದೊಡ್ಡ ವೇದಿಕೆಗೆ ಮೂರು ಫೇಸ್, ಒಂದು ನ್ಯೂಟ್ರಲ್ ತಂತಿ ಎಳೆದಿರುತ್ತಾರೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್. ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್. ಒಂದು ಫೇಸ್‌ನಲ್ಲಿ 1000 ವಾಟಿನ ಹ್ಯಾಲೋಜನ್ ದೀಪ, ಇನ್ನೊಂದರಲ್ಲಿ 100 ವಾಟಿನ ಆಂಪ್ಲಿಫೈಯರ್ ಇವೆ ಎನ್ನಿ. ನ್ಯೂಟ್ರಲ್ ಜೋಡಣೆ ಬಿಟ್ಟುಕೊಂಡರೆ ಇವೆರಡೂ 400 ವೋಲ್ಟಿಗೆ ಸರಣಿಯಲ್ಲಿ ಸೇರಿಬಿಡುತ್ತವೆ! ದೀಪದ ರೋಧ ಸುಮಾರು 53 ಓಮ್. ಆಂಪ್ಲಿಫೈಯರನ್ನೂ ಬರೀ ರೋಧವೆಂದೇ ಭಾವಿಸಿದರೆ 529 ಓಮ್. ವೋಲ್ಟೇಜ್ ರೋಧಕ್ಕೆ ತಕ್ಕಂತೆ ಹಂಚಿಕೆಯಾಗುತ್ತದೆಯಲ್ಲವೇ? ದೀಪಕ್ಕೆ 36 ವೋಲ್ಟ್, ಆಂಪ್ಲಿಫೈಯರ್‌ಗೆ 364. ದೀಪ ಮಂಕಾಗುತ್ತದೆ, ಆಂಪ್ಲಿಫೈಯರ್ ಸುಡುತ್ತದೆ.

ಆದ್ದರಿಂದ ಕಂಡಿಷನರ್ ಕೊಳ್ಳುವಾಗ, ವೋಲ್ಟೇಜ್ ಮಿತಿಮೀರಿದರೆ ಸಂಪರ್ಕವನ್ನೇ ಕಡಿದುಹಾಕುವ ವ್ಯವಸ್ಥೆ ಅದರಲ್ಲಿದೆಯೇ ಎಂದು ವಿಚಾರಿಸಿ. ನ್ಯೂಟ್ರಲ್ ಜೋಡಣೆ ಬಿಗಿಯಾಗಿದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದಲೇ ಪರೀಕ್ಷಿಸಿ. ದೀಪಗಳನ್ನೆಲ್ಲ ಹೊತ್ತಿಸಿ, ವೋಲ್ಟೇಜ್ ಅಳೆದ ಮೇಲೆಯೇ ವಾದ್ಯಗಳ ಪ್ಲಗ್ ಹಾಕಿಸಿ. ಕೆಲವು ದೀಪಗಳು ಇದ್ದಕ್ಕಿದ್ದಂತೆ ಮಂಕಾಗಿ, ಕೆಲವು ಪ್ರಖರವಾದರೆ ತಕ್ಷಣ ಮೇನ್ ಸ್ವಿಚ್ ಆರಿಸಬೇಕು.

ಪಾಲಕರಿಗೆ ಇನ್ನೊಂದು ಮಾತು. ‘ಗುಂಯ್’ ಸದ್ದು ನಿಲ್ಲಲೆಂದು ಪ್ಲಗ್ಗಿನ ಮೂರನೆಯ, ಅಂದರೆ ಅರ್ತ್ ಪಿನ್ ಕಿತ್ತುಹಾಕುವವರಿದ್ದಾರೆ. ಬೇಡವೇ ಬೇಡ. ಆಂಪ್ಲಿಫೈಯರಿನ ಲೋಹದ ಮೈಗೆ ವಿದ್ಯುತ್ ಸೋರಿದರೆ, ಆಗ ಅದು ಭೂಮಿಗಿಳಿಯುವ ದಾರಿ ಮೈಕ್ ಹಿಡಿದ ಮಗುವೇ ಆದೀತು. ಅರ್ತ್ ಸರಿಯಿರಲಿ, ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ. ಸುಟ್ಟ ವಾದ್ಯವನ್ನು ಮತ್ತೆ ಕೊಳ್ಳಬಹುದು.

ವಿದ್ಯಾರ್ಥಿಗಳೇ, ದೀಪ 2000 ವಾಟಿನದಾದರೆ ಆಂಪ್ಲಿಫೈಯರ್‌ಗೆ ಎಷ್ಟು ವೋಲ್ಟ್ ಬೀಳುತ್ತದೆ? ಕಾಗದದ ಮೇಲೆ ಲೆಕ್ಕ ಮಾಡಿ ನೋಡಿ. ಪ್ಲಗ್ಗಿನಲ್ಲಿ ಪ್ರಯೋಗ ಬೇಡ!